‘ಕಾಯಿಸಬೇಡಿ’ ಎಂದು ಬರೆದ ಹಾಲಿನ ಬಾಟಲಿ: ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ನಮ್ಮ ಮನೆ ಫ್ರಿಡ್ಜ್ ಬಾಗಿಲಿಗೆ ಒಂದು ಕರಪತ್ರ ಅಂಟಿಸಿಟ್ಟಿದ್ದೇನೆ. ನುಣುಪು ಕಾಗದ, ಹಸಿರು ಅಕ್ಷರ, ಮೂಲೆಯಲ್ಲಿ ಗಂಗೆದೊಗಲು ಜೋತಾಡುವ ನಾಟಿ ಹಸುವಿನ ಚಿತ್ರ. ಅದರಲ್ಲಿ ಹೀಗಿದೆ: ‘ಕಾಯಿಸಿದ ಹಾಲು ಸತ್ತ ಹಾಲು. ನಮ್ಮ ಹಾಲನ್ನು ದಯವಿಟ್ಟು ಕಾಯಿಸಬೇಡಿ. ಕೊಲೈಟಿಸ್, ಕ್ರೋನ್ಸ್, ಹೊಟ್ಟೆಹುಣ್ಣು ಇರುವವರು 90 ದಿನ ಕುಡಿದು ನೋಡಿ.’ ನನಗೆ 90 ದಿನ ಬೇಕಾಗಲಿಲ್ಲ. ಆರನೇ ವಾರಕ್ಕೇ ಜ್ವರ ಬಂತು.

ಆ ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರೇ ಆಗಿದ್ದರೆ ನಿಮಗೆ ಒಂದು ದೂರು ಕೊಟ್ಟು ಸುಮ್ಮನಾಗುತ್ತಿದ್ದೆ. ಇಂಥ ಹಾಲಿನ ಜಾಹೀರಾತು ನನ್ನ ಫೋನಿಗೆ ದಿನಾ ಬರುತ್ತದೆ. ಅದಕ್ಕೇ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ಮನೆಯಲ್ಲಿ ಯಾವಾಗಲೂ ಎರಡು ಹಸು ಇರುತ್ತಿದ್ದವು. ಬೆಳಿಗ್ಗೆ ಸಂಜೆ ಡೈರಿಗೆ ಹಾಕಿದ ಹಾಲಿನ ದುಡ್ಡಲ್ಲೇ ನನ್ನ ಓದು ಮುಗಿದದ್ದು. ಈಗ ಬೆಂಗಳೂರಲ್ಲಿ ಲೆಕ್ಕ ಬರೆಯುವ ಕೆಲಸ. 2016ರಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ಅಂದರೆ ದೊಡ್ಡ ಕರುಳಿನ ಒಳಪದರವನ್ನು ನಮ್ಮದೇ ಮೈಯ ರೋಗನಿರೋಧಕ ಶಕ್ತಿ ಕೆರಳಿ ಹುಣ್ಣು ಮಾಡುತ್ತದೆ. ರಕ್ತ, ಸಿಂಬಳದಂಥ ಲೋಳೆ, ದಿನಕ್ಕೆ ಎಂಟು ಹತ್ತು ಸಲ ಮೋಷನ್. ಬಂತು ಅಂದರೆ ಎರಡು ನಿಮಿಷವೂ ತಡೆಯೋಕಾಗಲ್ಲ. ಇದರ ಅಣ್ಣನೋ ತಮ್ಮನೋ ಇದ್ದ ಹಾಗೆ ಕ್ರೋನ್ಸ್ ಕಾಯಿಲೆ. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಎರಡಕ್ಕೂ ಸೇರಿಸಿ ಐಬಿಡಿ ಅನ್ನುತ್ತಾರೆ. ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ. ಕಾಯಿಲೆಯನ್ನು ಮಲಗಿಸಿಡುವ ಮಾತ್ರೆಗಳಿವೆ. ನಾನು ಮೊದಲ ಒಂದು ವರ್ಷ ಇದನ್ನು ಮೂಲವ್ಯಾಧಿ ಎಂದುಕೊಂಡು ಊರೂರು ಔಷಧಿ ತಿಂದೆ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಅನ್ನೋದು ನನಗೆ ಈಗಲೂ ಬಾಯಿಪಾಠ.

ಇಷ್ಟೆಲ್ಲ ತಿಳಿದವನು ಹಸಿ ಹಾಲಿಗೆ ಯಾಕೆ ಬಿದ್ದೆ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು.

ಡಾಕ್ಟರ ಹತ್ತಿರ ಹೋದಾಗಲೆಲ್ಲ ‘ಏನು ತಿನ್ನಲಿ ಸರ್?’ ಎಂದು ಕೇಳುತ್ತಿದ್ದೆ. ‘ಖಾರ ಮಸಾಲೆ ಕಮ್ಮಿ ಮಾಡಿ, ಹೊರಗೆ ತಿನ್ಬೇಡಿ’ ಅನ್ನುತ್ತಿದ್ದರು. ಅಷ್ಟೇ. ಅವರನ್ನು ದೂರುವುದಿಲ್ಲ, ಹೊರಗೆ ಇನ್ನೂ ಅರವತ್ತು ಜನ ಕೂತಿರುತ್ತಿದ್ದರು. ಒಂದು ಸಲ ಮುದ್ರಿಸಿದ ಹಾಳೆಯೊಂದನ್ನು ಕೊಟ್ಟರು, ಇಂಗ್ಲಿಷಿನಲ್ಲಿ. ಓಟ್ಸ್ ತಿನ್ನಿ, ಸಾಲ್ಮನ್ ಮೀನು ತಿನ್ನಿ, ಬ್ರೊಕೊಲಿ ಬಿಡಿ ಎಂದಿತ್ತು. ಬ್ರೊಕೊಲಿ ಬಿಡೋಕೆ ಮೊದಲು ತಿಂದಿರಬೇಕಲ್ವಾ? ಮುದ್ದೆ ತಿನ್ನಬಹುದಾ, ಹುರುಳಿ ಬಸ್ಸಾರು ಆಗುತ್ತಾ, ಅವರೆಕಾಯಿ ಕಾಲದಲ್ಲಿ ಏನು ಮಾಡೋದು, ಮಜ್ಜಿಗೆ ಬಿಡಬೇಕಾ ಅನ್ನುವ ನನ್ನ ಪ್ರಶ್ನೆಗಳು ಆ ಹಾಳೆಯಲ್ಲಿ ಇರಲೇ ಇಲ್ಲ.

ಹಾಲಿನವರಿಗೆ ಫೋನ್ ಮಾಡಿದೆ. ಅವರು ಅರ್ಧ ಗಂಟೆ ಮಾತಾಡಿದರು. ಎಷ್ಟು ವರ್ಷದಿಂದ ಇದೆ, ರಾತ್ರಿ ಎಷ್ಟು ಸಲ ಏಳ್ತೀರಿ, ಊರು ಯಾವುದು, ಮನೆಯಲ್ಲಿ ಹಸು ಇತ್ತಾ ಎಂದೆಲ್ಲ ಕೇಳಿದರು. ಏಳು ವರ್ಷದಲ್ಲಿ ನನ್ನ ಊಟದ ಬಗ್ಗೆ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಸೋತದ್ದು ಅಲ್ಲೇ. ಹಾಲು ಆಮೇಲಿನ ಮಾತು.

ಮರುದಿನದಿಂದ ಬಾಗಿಲಿಗೆ ಗಾಜಿನ ಬಾಟಲಿ ಬಂತು. ನಂದಿನಿ ನೀಲಿ ಪ್ಯಾಕೆಟ್‌ಗಿಂತ ಸುಮಾರು ಮೂರು ಪಟ್ಟು ಬೆಲೆ. ಮುಚ್ಚಳ ತೆಗೆದರೆ ಕೊಟ್ಟಿಗೆಯ ವಾಸನೆ. ಆ ವಾಸನೆಗೆ ನನಗೆ ಊರು ನೆನಪಾಗುತ್ತಿತ್ತು, ಸುಳ್ಳು ಹೇಳಲ್ಲ. ಮೊದಲ ಹತ್ತು ದಿನ ಹೊಟ್ಟೆ ಉಬ್ಬರ, ಗುಡುಗುಡು ಸದ್ದು. ‘ಹಳೇ ವಿಷ ಹೊರಗೆ ಬರ್ತಿದೆ ಸರ್, ನಿಲ್ಲಿಸ್ಬೇಡಿ’ ಎಂದರು. ಮೂರನೇ ವಾರ ಮೋಷನ್ ನಾಲ್ಕಕ್ಕೆ ಇಳಿಯಿತು. ಹೆಂಡತಿಗೆ ‘ನೋಡು’ ಎಂದೆ. ಡಾಕ್ಟರಿಗೆ ಹೇಳದೆ, ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದೆ. ಅಜಾಥಯಾಪ್ರಿನ್ ಬಿಡಲು ಮಾತ್ರ ಧೈರ್ಯ ಬರಲಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಅದು. ತಗ್ಗಿದ ಮೈಗೆ ದಿನಾ ಅರ್ಧ ಲೀಟರ್ ಹಸಿ ಹಾಲು ಸುರಿಯುತ್ತಿದ್ದೇನೆ ಅನ್ನುವ ಲೆಕ್ಕ, ಲೆಕ್ಕ ಬರೆಯುವವನಿಗೇ ಹೊಳೆಯಲಿಲ್ಲ.

ಈ ಕಾಯಿಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಇಳಿದಾಗ ಕೈಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ನನ್ನ ಕೈಲಿ ಬಾಟಲಿ ಇತ್ತು.

ಆರನೇ ವಾರ ಸಂಜೆ ಸಂಜೆ ಜ್ವರ ಬರತೊಡಗಿತು. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಬೆಳಿಗ್ಗೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತಿತ್ತು. ಬೆನ್ನು, ಸೊಂಟದ ಕೀಲು ಹಿಡಿದುಕೊಂಡವು. ಡೆಂಗ್ಯೂ ನೋಡಿದರು, ಟೈಫಾಯ್ಡ್ ನೋಡಿದರು, ಟಿಬಿ ಇರಬಹುದಾ ಎಂದೂ ನೋಡಿದರು. ಏಳನೇ ವಾರದ ಕೊನೆಗೆ ಒಬ್ಬ ಕಿರಿಯ ವೈದ್ಯೆ ‘ಮನೇಲಿ ದನ ಇದೆಯಾ? ಹಸಿ ಹಾಲು ಕುಡೀತೀರಾ?’ ಎಂದು ಕೇಳಿದರು. ಬ್ರುಸೆಲ್ಲಾ ಪರೀಕ್ಷೆ ಪಾಸಿಟಿವ್ ಬಂತು. ದನ, ಮೇಕೆಗಳ ಹಸಿ ಹಾಲಿನಿಂದ ಮನುಷ್ಯರಿಗೆ ಬರುವ ರೋಗಾಣು ಅದು. ಆರು ವಾರ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಜಾಥಯಾಪ್ರಿನ್ ನಿಲ್ಲಿಸಬೇಕಾಯಿತು, ಕೊಲೈಟಿಸ್ ಮತ್ತೆ ಕೆರಳಿತು, ಆಮೇಲೆ ಸ್ಟೀರಾಯ್ಡ್. ಕೆಲಸಕ್ಕೆ ಎರಡೂವರೆ ತಿಂಗಳು ರಜೆ.

ಅಮ್ಮ ಊರಿಂದ ಬಂದಳು. ಬಾಟಲಿ ನೋಡಿದಳು, ಕರಪತ್ರ ಓದಿಸಿಕೊಂಡಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದೇ ಮಾತು: ‘ಅಲ್ಲ ಕಣೋ, ನಮ್ಮನೆ ಹಸಿನ್ ಹಾಲ್ನೇ ಒಂದಿನ ಕಾಯಿಸ್ದೆ ಕೊಟ್ಟಿಲ್ಲ ನಿಂಗೆ. ಯಾರ್ ಮನೇದೋ ಏನೋ, ದುಡ್ ಕೊಟ್ಟು ಹಸೀದ್ ಕುಡ್ದಿದೀಯಲ್ಲ.’

ಆಯುಕ್ತರೇ, ನನ್ನ ಪತ್ರದ ತಿರುಳು ಅಮ್ಮನ ಆ ಮಾತೇ. ಸ್ಕಾಟ್ಲೆಂಡಿನಲ್ಲಿ 1983ರಿಂದ ಹಸಿ ಹಾಲು ಮಾರುವಂತಿಲ್ಲ. ಅಮೆರಿಕದಲ್ಲಿ 1987ರಿಂದ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಅದನ್ನು ಮಾರಾಟಕ್ಕೆ ಕಳಿಸುವಂತಿಲ್ಲ. ನಮ್ಮಲ್ಲಿ ಹಾಲಿನವರು ಮನೆ ಮನೆಗೆ ಹಸಿ ಹಾಲನ್ನೇ ಹಾಕುತ್ತಾ ಬಂದಿದ್ದಾರೆ, ಅಂಥ ಕಾನೂನಿನ ಅಗತ್ಯ ಯಾರಿಗೂ ಕಾಣಲಿಲ್ಲ. ಯಾಕೆಂದರೆ ಆ ಕೆಲಸವನ್ನು ಅಡುಗೆಮನೆ ಮಾಡುತ್ತಿತ್ತು. ಹಾಲು ಬಂದ ತಕ್ಷಣ ಒಲೆ ಮೇಲೆ ಇಡಬೇಕು, ಉಕ್ಕಬೇಕು, ಆಮೇಲೆ ಉಳಿದ ಮಾತು. ಹೊಸ ಮನೆಗೆ ಹೋದರೂ ಮೊದಲು ಹಾಲುಕ್ಕಿಸುತ್ತೇವೆ. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನೂ ಬಿಡದೆ ಕಾಯಿಸುತ್ತೇವೆ. 72 ಡಿಗ್ರಿಯಲ್ಲಿ 15 ಸೆಕೆಂಡ್ ಅನ್ನುವ ಡೈರಿಯ ಲೆಕ್ಕ ಅಮ್ಮನಿಗೆ ಗೊತ್ತಿಲ್ಲ. ಅವಳ ಲೆಕ್ಕ ಅದಕ್ಕಿಂತ ಬಿಗಿ. ನಮ್ಮೂರ ಕಡೆ ನಾಗರಪಂಚಮಿಯಲ್ಲಿ ಹುತ್ತಕ್ಕೆ ಎರೆಯೋದು ಹಸಿ ಹಾಲು, ಮಕ್ಕಳಿಗೆ ಕೊಡೋದು ಕಾಯಿಸಿದ್ದು.

(ಎಲ್ಲರೂ ಹಾಗಿದ್ದರು ಎಂದು ಹೇಳಲಾರೆ. ಕರೆದ ಕೂಡಲೇ ನೊರೆ ಹಾಲು ಕುಡಿಯುವ ಅಭ್ಯಾಸ ನಮ್ಮ ಊರಲ್ಲೂ ಕೆಲವರಿಗಿತ್ತು. ಪೂಜೆಯ ಪಂಚಾಮೃತಕ್ಕೂ ಹಸಿ ಹಾಲೇ ಬೀಳುತ್ತದೆ. ನನ್ನ ಥರದ ಮಾತ್ರೆ ನುಂಗುವವರು ಅಂಗೈಯಲ್ಲಿ ತೀರ್ಥ ಹಿಡಿದು ಕಣ್ಣಿಗೊತ್ತಿಕೊಂಡರೆ ಸಾಕು, ದೇವರು ಬೇಜಾರು ಮಾಡಿಕೊಳ್ಳಲ್ಲ.)

ಅಷ್ಟು ವರ್ಷ ಕಾನೂನಿಲ್ಲದೆ ನಡೆದದ್ದನ್ನು ಈ ಬಾಟಲಿ ಒಂದೇ ಪದದಲ್ಲಿ ಮುರಿಯಿತು. ‘ಕಾಯಿಸಬೇಡಿ.’ ಹಸಿ ಹಾಲು ಮಾರುವುದಕ್ಕೆ ನನ್ನ ತಕರಾರಿಲ್ಲ. ನಮ್ಮಪ್ಪನೂ ಮಾರಿದವನೇ. ಕಾಯಿಲೆಯವನಿಗೆ ಕಾಯಿಸಬೇಡ ಅನ್ನುವುದು ಬೇರೆಯೇ ವ್ಯಾಪಾರ.

ಹಸಿ ಹಾಲಿನ ಜ್ವರ ಹೊಸದೂ ಅಲ್ಲ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಹೀಗೇ ಸಂಜೆ ಜ್ವರದಲ್ಲಿ ನರಳುತ್ತಿದ್ದರು. 1887ರಲ್ಲಿ ಸೇನೆಯ ವೈದ್ಯ ಡೇವಿಡ್ ಬ್ರೂಸ್ ಆ ರೋಗಾಣು ಕಂಡುಹಿಡಿದರು, ಬ್ರುಸೆಲ್ಲಾ ಅನ್ನುವ ಹೆಸರು ಅವರಿಂದಲೇ. ಅದು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಅಲ್ಲಿಯವರೇ ಆದ ತೆಮಿಸ್ಟೊಕ್ಲಿಸ್ ಜಮ್ಮಿತ್ ಎಂಬ ವೈದ್ಯರು ಮೇಕೆಗಳಲ್ಲಿ ಅದನ್ನು ಪತ್ತೆ ಮಾಡಿದರು. ಹಸಿ ಮೇಕೆ ಹಾಲು ನಿಲ್ಲಿಸಿದ ಮೇಲೆ ಸೈನಿಕರ ಜ್ವರ ಇಳಿಯಿತು. ಆ ಮೇಕೆಗಳು ನೋಡಲು ಗಟ್ಟಿಮುಟ್ಟಾಗಿಯೇ ಇದ್ದವು. ‘ನಮ್ಮ ಹಸು ಆರೋಗ್ಯವಾಗಿದೆ, ಬಂದು ನೋಡಿ’ ಎಂದು ಹಾಲಿನವರು ನನಗೂ ಹೇಳಿದ್ದರು. ಕಣ್ಣಲ್ಲಿ ನೋಡಿದರೆ ಕಾಣುವುದಿಲ್ಲ.

ಕರಪತ್ರದಲ್ಲಿ ಇನ್ನೂ ಎರಡು ಮಾತುಗಳಿವೆ. ಒಂದು, ಹಸಿ ಹಾಲಲ್ಲಿ ಹಾಲನ್ನು ಜೀರ್ಣಿಸುವ ಕಿಣ್ವ ಇರುತ್ತದೆ, ಕಾಯಿಸಿದರೆ ಸಾಯುತ್ತದೆ ಅನ್ನುವುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ನಮ್ಮ ಸಣ್ಣ ಕರುಳಲ್ಲಿ ಹುಟ್ಟಬೇಕು, ಹಸು ಅದನ್ನು ಕೆಚ್ಚಲಲ್ಲಿ ತುಂಬಿ ಕೊಡುವುದಿಲ್ಲ. ಕಾಯಿಸಿದರೂ ಕಾಯಿಸದಿದ್ದರೂ 100 ಮಿಲಿ ಹಾಲಿಗೆ ಸುಮಾರು ಐದು ಗ್ರಾಂ ಲ್ಯಾಕ್ಟೋಸ್ ಇದ್ದೇ ಇರುತ್ತದೆ. ಹಾಲು ಆಗದ 16 ಜನರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಸಿ ಹಾಲು ಕೊಟ್ಟು ನೋಡಿದ್ದಾರೆ, 2014ರಲ್ಲಿ ಫಲಿತಾಂಶ ಬಂತು. ಕಾಯಿಸಿದ ಹಾಲಿಗಿಂತ ಅದೇನೂ ಸುಲಭವಾಗಿ ಅರಗಲಿಲ್ಲ. ಸಣ್ಣ ಪ್ರಯೋಗ ನಿಜ. ನನ್ನ ಹತ್ತು ದಿನದ ಉಬ್ಬರವೂ ಅದನ್ನೇ ಹೇಳಿತ್ತು, ಅದಕ್ಕೆ ‘ವಿಷ’ ಅಂತ ಹೆಸರಿಟ್ಟರು ಅಷ್ಟೆ.

ಇನ್ನೊಂದು, ‘ಯುರೋಪಿನ ವಿಜ್ಞಾನಿಗಳು ಒಪ್ಪಿದ್ದಾರೆ’ ಅನ್ನುವುದು. ಇದರಲ್ಲಿ ಒಂದು ಎಳೆ ನಿಜ ಇದೆ, ಅದೇ ಅಪಾಯ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಕಡೆಯ ರೈತರ ಮನೆಗಳಲ್ಲಿ ಹಸಿ ಹಾಲು ಕುಡಿದು ಬೆಳೆದ ಮಕ್ಕಳಿಗೆ ಅಸ್ತಮಾ, ಅಲರ್ಜಿ ಕಡಿಮೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಆದರೆ ಅದು ಮಕ್ಕಳ ಮಾತು, ಅಸ್ತಮಾದ ಮಾತು. ರೋಗಾಣುಗಳ ಭಯ ಇರುವುದರಿಂದ ಹಸಿ ಹಾಲು ಕುಡಿಯಿರಿ ಎಂದು ನಾವು ಹೇಳಲಾರೆವು ಎಂದು ಆ ಸಂಶೋಧಕರೇ ಬರೆದಿದ್ದಾರೆ. ಹುಣ್ಣಾದ ಕರುಳಿಗೆ, ಅಜಾಥಯಾಪ್ರಿನ್ ನುಂಗುವ ನಲವತ್ತರ ಗಂಡಸಿಗೆ ಅದನ್ನು ತಂದು ಅಂಟಿಸಿದ್ದು ಕರಪತ್ರ ಬರೆದವರ ಕೈಚಳಕ.

ಕ್ರೋನ್ಸ್ ಇರುವವರು ಇದನ್ನೂ ಕೇಳಿಸಿಕೊಳ್ಳಬೇಕು. ದನಗಳಿಗೆ ಜೋನ್ಸ್ ಕಾಯಿಲೆ ಅಂತ ಒಂದು ಬರುತ್ತದೆ. ಭೇದಿಯಾಗಿ ಹಸು ಸೊರಗಿಹೋಗುತ್ತದೆ. ಮನುಷ್ಯರ ಕರುಳಿನ ಈ ಬೇನೆ ಅದರ ಥರವೇ ಕಾಣುತ್ತದಲ್ಲ ಎಂದು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್ಝೀಲ್ 1913ರಲ್ಲೇ ಬರೆದರು. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಜೊತೆಗಾರರು ಕಾಯಿಲೆಯನ್ನು ವಿವರಿಸಿದ್ದು 1932ರಲ್ಲಿ. ಆ ಹಸುವಿನ ರೋಗಾಣುವೇ ಕ್ರೋನ್ಸ್‌ಗೆ ಕಾರಣ ಎಂದು ಇವತ್ತಿಗೂ ಸಾಬೀತಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಕ್ರೋನ್ಸ್ ರೋಗಿಗಳಿಗೆ ಆ ರೋಗಾಣುವಿನ ಮೇಲೆ ಎರಡು ವರ್ಷ ಆಂಟಿಬಯಾಟಿಕ್ ಕೊಟ್ಟರೂ ಉಳಿಯುವಂಥ ಗುಣ ಕಾಣಲಿಲ್ಲ, 2007ರಲ್ಲಿ ಪ್ರಕಟವಾಯಿತು. ಆದರೂ ನೂರು ವರ್ಷದಿಂದ ಅನುಮಾನದ ಪಟ್ಟಿಯಲ್ಲಿರುವ ರೋಗಾಣು ಸೋಂಕಿದ ಹಸುವಿನ ಹಾಲಲ್ಲಿ ಇರಬಲ್ಲದು. ಅದನ್ನೇ ಕ್ರೋನ್ಸ್‌ಗೆ ಔಷಧಿ ಅಂತ ಮಾರುವುದಕ್ಕೆ ಧೈರ್ಯ ಬೇಕು.

ಹಾಗಂತ ಊಟದಿಂದ ಏನೂ ಆಗಲ್ಲ ಎಂದು ನಾನು ಹೇಳುತ್ತಿಲ್ಲ. ಊಟದಿಂದ ಬಹಳ ಆಗುತ್ತದೆ. ಕ್ರೋನ್ಸ್ ಇರುವ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಊಟ ಪೂರ್ತಿ ನಿಲ್ಲಿಸಿ, ಎಲ್ಲ ಪೋಷಕಾಂಶ ಇರುವ ದ್ರವ ಆಹಾರವನ್ನಷ್ಟೇ ಕೊಡುವ ಚಿಕಿತ್ಸೆ ಇದೆ. ಬಹಳಷ್ಟು ಮಕ್ಕಳಲ್ಲಿ ಸ್ಟೀರಾಯ್ಡ್ ಇಲ್ಲದೆಯೇ ಕಾಯಿಲೆ ಮಲಗುತ್ತದೆ. ಆ ದ್ರವಕ್ಕೆ ಕಲಸುವ ಪುಡಿಗಳಲ್ಲಿ ಬಹಳಷ್ಟರಲ್ಲಿ ಇರುವುದು ಹಾಲಿನ ಪ್ರೋಟೀನೇ! ಹಾಲು ವಿಷ ಅನ್ನುವವರು ಇದನ್ನು ಗಮನಿಸಲಿ. ಇನ್ನೊಂದು ಕಡೆ, ಇಸ್ರೇಲಿನ ವೈದ್ಯರು ಮುಂದಾಗಿ ರೂಪಿಸಿದ, 2019ರಲ್ಲಿ ಪ್ರಯೋಗ ಪ್ರಕಟವಾದ ಆಹಾರ ಕ್ರಮದಲ್ಲಿ ಹಾಲು, ಪ್ಯಾಕೆಟ್ ತಿಂಡಿ ಎರಡೂ ಇಲ್ಲ. ಅದರಿಂದಲೂ ಮಕ್ಕಳು ಸುಧಾರಿಸಿದರು. ದೆಹಲಿಯ ಏಮ್ಸ್‌ನವರು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಊಟವನ್ನೂ ಚಿಕಿತ್ಸೆಯ ಭಾಗ ಮಾಡಿ 2022ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದಾರೆ. ಅಮೆರಿಕದಲ್ಲಿ 2021ರಲ್ಲಿ ಕ್ರೋನ್ಸ್ ಇರುವವರಲ್ಲಿ ಎರಡು ಬಗೆಯ ಪಥ್ಯ ಹೋಲಿಸಿದರು. ಎರಡರಲ್ಲೂ ಅರ್ಧಕ್ಕೆ ಹತ್ತಿರದಷ್ಟು ಜನಕ್ಕೆ ಹೊಟ್ಟೆ ಹಗುರಾಯಿತು, ಆದರೆ ರಕ್ತದಲ್ಲಿ ಕಾಣುವ ಉರಿಯೂತದ ಗುರುತು ಅಷ್ಟು ಇಳಿಯಲಿಲ್ಲ. ಹಗುರಾಗುವುದು ಬೇರೆ, ಕರುಳು ಮಾಯುವುದು ಬೇರೆ. ಮೂರನೇ ವಾರ ಹೆಂಡತಿಗೆ ‘ನೋಡು’ ಎಂದವನಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಈಗ ನಾನೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಿಂದದ್ದು ಎಡಕ್ಕೆ, ಆದದ್ದು ಬಲಕ್ಕೆ. ಕಾಯಿಸಿದ ಹಾಲು ಒಂದು ಲೋಟಕ್ಕಿಂತ ಜಾಸ್ತಿಯಾದರೆ ಉಬ್ಬರ. ಕಾಯಿಸಿ ಹೆಪ್ಪು ಹಾಕಿದ ಮೊಸರು ಅರ್ಧ ಬಟ್ಟಲು ಆರಾಮ, ಯಾಕೆಂದರೆ ಲ್ಯಾಕ್ಟೋಸಿನ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾವೇ ತಿಂದಿರುತ್ತದೆ. ಅವರೆಕಾಳು ಸಿಪ್ಪೆ ಸಮೇತ ತಿಂದರೆ ರಾತ್ರಿಯೆಲ್ಲ ಜಾಗರಣೆ, ಹಿದುಕಿದ ಬೇಳೆ ಪರವಾಗಿಲ್ಲ. ಕಾಯಿಲೆ ಮಲಗಿರುವಾಗ ಮುದ್ದೆ ಸಲೀಸು. ಕೆರಳಿದಾಗ ಮೆತ್ತಗಿನ ಅನ್ನ, ಬೇಳೆಕಟ್ಟು, ಇಡ್ಲಿ, ಇಲ್ಲವೇ ರಾಗಿ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿ ಕಾಯಿಸಿದ ಗಂಜಿ. ಇದು ನನ್ನ ಹೊಟ್ಟೆಯ ಲೆಕ್ಕ, ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಕ್ರೋನ್ಸ್ ಸಣ್ಣ ಕರುಳಿಗೆ ಬಂದವರಿಗೆ ಹಾಲು ಇನ್ನೂ ಕಡಿಮೆ ಹಿಡಿಸಬಹುದು. ಸುಮ್ನೆ ಹೆದರಿ ಹಾಲು ಮೊಸರು ಪೂರ್ತಿ ಬಿಟ್ಟವರನ್ನೂ ಕಂಡಿದ್ದೇನೆ. ಸ್ಟೀರಾಯ್ಡ್ ಮೊದಲೇ ಮೂಳೆ ಸವೆಸುತ್ತದೆ, ಮೇಲೆ ಕ್ಯಾಲ್ಸಿಯಂ ಕೂಡ ಇಲ್ಲ ಅಂದರೆ ಹೇಗೆ?

ಇನ್ನು ನಿಮ್ಮಿಂದ ನನಗೆ ಬೇಕಾದದ್ದು. 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಆಹಾರದಿಂದ ರೋಗ ವಾಸಿಯಾಗುತ್ತದೆ ಎಂದು ಸುಮ್ಮಸುಮ್ಮನೆ ಹೇಳಿಕೊಳ್ಳುವಂತಿಲ್ಲ ಎಂದು 2018ರ ನಿಯಮಗಳೂ ಹೇಳುತ್ತವೆ. ಹೊಸ ಕಾನೂನು ಕೇಳುತ್ತಿಲ್ಲ, ಇರುವುದನ್ನು ಈ ಕರಪತ್ರಗಳ ಮೇಲೆ ಇಡಿ. 2024ರ ಆಗಸ್ಟಿನಲ್ಲಿ, ಹಾಲಿನ ಪ್ರೋಟೀನ್ ಯಾವ ಬಗೆಯದು ಎಂದು ಹೇಳಿಕೊಳ್ಳುವ ಎ1, ಎ2 ಎಂಬ ಹೆಸರನ್ನು ಪ್ಯಾಕೆಟ್ ಮೇಲಿಂದ ತೆಗೆಯಿರಿ ಎಂದು ದೆಹಲಿಯಿಂದ ಆದೇಶ ಬಂತು, ಐದೇ ದಿನಕ್ಕೆ ವಾಪಸ್ಸೂ ಹೋಯಿತು. ಅದು ನಿಮ್ಮ ಕೈಲಿರಲಿಲ್ಲ, ಗೊತ್ತು. ಆದರೆ ಬೆಂಗಳೂರಿನ ಬಾಗಿಲುಗಳಿಗೆ ಬರುವ ಬಾಟಲಿ ನಿಮ್ಮ ಕೈಲಿದೆ. ಅದರ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಕಾಯಿಸಿ ಕುಡಿಯಿರಿ’ ಎಂದು ಬರೆಸಿ. ಹಾಗೆ ಮಾರುವ ಫಾರ್ಮ್‌ಗಳ ಹಸುಗಳಿಗೆ ಬ್ರುಸೆಲ್ಲಾ ಪರೀಕ್ಷೆ ಆಗಿದೆಯಾ, ಕರುಗಳಿಗೆ ಲಸಿಕೆ ಬಿದ್ದಿದೆಯಾ ಎಂದು ಪಶು ವೈದ್ಯಕೀಯ ಇಲಾಖೆಯ ಜೊತೆ ಕೂತು ನೋಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಲಸಿಕೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಈ ರೋಗದ ಮೇಲೆ ಕೆಲಸ ಮಾಡುವ ನಿವೇದಿ ಸಂಸ್ಥೆ ಇಲ್ಲೇ ಯಲಹಂಕದಲ್ಲಿದೆ, ದೂರ ಏನಲ್ಲ.

ಊಟದ ಹಾಳೆ ನಿಮ್ಮ ಕೆಲಸ ಅಲ್ಲ, ಆರೋಗ್ಯ ಇಲಾಖೆಯದು. ಪತ್ರ ಬಹಿರಂಗ ಅಲ್ವಾ, ಅವರೂ ಓದಲಿ. ಜಿಲ್ಲಾಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ, ಮುದ್ದೆ ರೊಟ್ಟಿ ಕುಚ್ಚಲಕ್ಕಿ ಗೊತ್ತಿರುವ ಒಬ್ಬ ಆಹಾರ ತಜ್ಞರನ್ನು ಕೂರಿಸಲಿ. ರೋಗಿಗೆ ಇಪ್ಪತ್ತು ನಿಮಿಷ ಕೊಡಲಿ. ಹಾಲಿನವರು ನನಗೆ ಮೂವತ್ತು ಕೊಟ್ಟಿದ್ದರು.

ಕರಪತ್ರ, ಒಂದು ಖಾಲಿ ಬಾಟಲಿ, ಲ್ಯಾಬ್ ರಿಪೋರ್ಟ್ ಮೂರನ್ನೂ ತೆಗೆದಿಟ್ಟಿದ್ದೇನೆ. ಕರೆದ ದಿನ ತಂದು ಕೊಡುತ್ತೇನೆ. ಬೆಳಿಗ್ಗೆ ಹನ್ನೊಂದರ ಮೇಲಾದರೆ ಒಳ್ಳೆಯದು, ಅಷ್ಟು ಹೊತ್ತಿಗೆ ನನ್ನ ಹೊಟ್ಟೆ ಸುಮ್ಮನಾಗಿರುತ್ತದೆ. ನಿಮ್ಮ ಕಚೇರಿಯಲ್ಲಿ ಶೌಚಾಲಯ ಯಾವ ಮಹಡಿಯಲ್ಲಿದೆ ಅಂತ ಮುಂಚೆಯೇ ತಿಳಿಸಿದರೆ ಉಪಕಾರ.

ಇಂತಿ,
ಒಬ್ಬ ಕೊಲೈಟಿಸ್ ರೋಗಿ, ಬೆಂಗಳೂರು